ರಂಗಕ್ಕೆ ಅಂಜಿದ ನಟ ದೊರೆಯಾಗಿ ಮರಳಿದ ಕಥೆ

1976ರ ಮಾತು. ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಹೊಸದೊಂದು ಪ್ರಯೋಗಕ್ಕೆ ಸಜ್ಜಾಗಿತ್ತು. ಅಮೆರಿಕದ ನಾಟಕಕಾರ ಯೂಜೀನ್ ಓನೀಲ್ ಬರೆದ 'ದಿ ಐಸ್‌ಮ್ಯಾನ್ ಕಮೆತ್' ನಾಟಕ. ಬಾಳಿನಲ್ಲಿ ಸೋತು ಹೆಂಡದಂಗಡಿಯೊಂದರಲ್ಲಿ ಬೀಡುಬಿಟ್ಟ ಒಂದು ಗುಂಪು ಜನ, ಪ್ರತಿ ವರ್ಷ ಬಂದು ತಮ್ಮನ್ನು ನಗಿಸಿ ಕುಡಿಸಿ ಹೋಗುವ ಹಿಕಿ ಎಂಬ ಮಾರಾಟಗಾರನಿಗಾಗಿ ಕಾಯುತ್ತಾರೆ. ಹಿಕಿ ಬರುತ್ತಾನೆ. ಆದರೆ ಈ ಸಲ ಬಂದವನು ಹಳೆಯ ಹಿಕಿಯಲ್ಲ. ಕೊನೆಯ ಅಂಕದಲ್ಲಿ ಅವನದೊಂದು ಸುದೀರ್ಘ ತಪ್ಪೊಪ್ಪಿಗೆಯ ಮಾತಿದೆ. ಇಪ್ಪತ್ತನೆಯ ಶತಮಾನದ ನಾಟಕಗಳಲ್ಲಿ ನಟನೊಬ್ಬನ ನೆನಪಿನ ಶಕ್ತಿಯನ್ನು ಇಷ್ಟು ಕಠಿಣವಾಗಿ ಪರೀಕ್ಷಿಸುವ ಪಾತ್ರಗಳು ಕೆಲವೇ.

ಹಿಕಿಯ ಪಾತ್ರ ಇಯಾನ್ ಹೋಮ್ ಅವರದು. ಆಗ ಅವರಿಗೆ 40 ದಾಟಿ ನಾಲ್ಕೈದು ವರ್ಷ. ಇಂಗ್ಲೆಂಡಿನ ರಂಗಭೂಮಿಯಲ್ಲಿ ಅವರ ಹೆಸರಿಗೆ ದೊಡ್ಡ ತೂಕವಿತ್ತು. ನಾಟಕ ಅಧಿಕೃತವಾಗಿ ತೆರೆಕಾಣುವ ಮೊದಲಿನ ಪ್ರದರ್ಶನಗಳು ನಡೆಯುತ್ತಿದ್ದವು. ಅಂಥ ಒಂದು ಪ್ರದರ್ಶನದ ನಡುವೆ ಹೋಮ್ ಅವರ ಧೈರ್ಯ ಕುಸಿಯಿತು. ರಂಗದಿಂದ ಹೊರನಡೆದು ಬಣ್ಣದ ಕೋಣೆ ಸೇರಿದರು. ಮತ್ತೆ ಆ ಪಾತ್ರಕ್ಕೆ ಮರಳಲಿಲ್ಲ. ಆ ಪಾತ್ರಕ್ಕೆ ಮಾತ್ರವಲ್ಲ, ಒಂದೆರಡು ಸಣ್ಣ ಪ್ರಯತ್ನ ಬಿಟ್ಟರೆ ರಂಗಭೂಮಿಗೇ ಮರಳಲು ಅವರಿಗೆ ಸುಮಾರು 17 ವರ್ಷ ಬೇಕಾದವು.

ಜಗತ್ತಿನ ಸಿನಿಮಾ ಪ್ರೇಕ್ಷಕರಿಗೆ ಹೋಮ್ ಗೊತ್ತಿರುವುದು ಬೇರೆ ಕಾರಣಗಳಿಗೆ. 'ಏಲಿಯನ್' ಚಿತ್ರದ ಯಂತ್ರಮಾನವ, 'ಚಾರಿಯಟ್ಸ್ ಆಫ್ ಫೈರ್' ಚಿತ್ರದ ಓಟದ ಗುರು, 'ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರದ ಮುದುಕ ಬಿಲ್ಬೊ. ಮುಖ ನೆನಪಿರುತ್ತದೆ, ಹೆಸರು ತಟ್ಟನೆ ನೆನಪಿಗೆ ಬರುವುದಿಲ್ಲ. ನಮ್ಮಲ್ಲಿ 'ಪೋಷಕ ನಟ' ಎಂದು ಕರೆಯುವ ವರ್ಗ ಇದು. ಆದರೆ ಈ ಪೋಷಕ ಪಾತ್ರಗಳ ಸಾಲಿನ ಹಿಂದೆ ಒಂದು ಭಯ ಇತ್ತು, ಆ ಭಯದೊಂದಿಗೆ ನಡೆಸಿದ ದೀರ್ಘ ಹೋರಾಟ ಇತ್ತು ಎಂಬುದು ಅನೇಕರಿಗೆ ತಿಳಿಯದು.

ಆಸ್ಪತ್ರೆಯ ಅಂಗಳದಿಂದ

ಇಯಾನ್ ಹೋಮ್ ಕತ್‌ಬರ್ಟ್ ಹುಟ್ಟಿದ್ದು 1931ರ ಸೆಪ್ಟೆಂಬರ್ 12ರಂದು, ಲಂಡನ್ ಪಕ್ಕದ ಗುಡ್‌ಮೇಯ್ಸ್‌ನಲ್ಲಿ. ತಂದೆ ತಾಯಿ ಸ್ಕಾಟ್ಲೆಂಡಿನವರು. ತಂದೆ ಮನೋವೈದ್ಯರು, ಅಲ್ಲಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರು. ಮಗ ಹಿಡಿದದ್ದು ನಾಟಕದ ದಾರಿ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ಗೆ ಸೇರಿದರು. ನಡುವೆ ಆಗಿನ ಕಡ್ಡಾಯ ಸೈನ್ಯ ಸೇವೆಯೂ ಆಯಿತು. 1954ರಲ್ಲಿ ಶೇಕ್ಸ್‌ಪಿಯರನ ಹುಟ್ಟೂರು ಸ್ಟ್ರಾಟ್‌ಫರ್ಡ್‌ನ ನಾಟಕ ತಂಡಕ್ಕೆ ಬಂದರು.

ಬಂದವರಿಗೆ ಸಿಕ್ಕಿದ್ದು ಭರ್ಜಿ ಹಿಡಿದು ನಿಲ್ಲುವ ಪಾತ್ರ. ಮಾತಿಲ್ಲ, ಹಿಂದಿನ ಸಾಲಿನಲ್ಲಿ ನಿಂತರಾಯಿತು. ಇಂಗ್ಲೆಂಡಿನ ರಂಗಭೂಮಿಯಲ್ಲಿ ಇದು ಅವಮಾನವಲ್ಲ, ವಿದ್ಯಾಭ್ಯಾಸ. ಅಲ್ಲಿನ 'ರೆಪರ್ಟರಿ' ಪದ್ಧತಿಯಲ್ಲಿ ಒಂದೇ ತಂಡ ಒಂದು ಋತುವಿನಲ್ಲಿ ಹಲವು ನಾಟಕಗಳನ್ನು ಸರದಿಯ ಮೇಲೆ ಆಡುತ್ತದೆ. ಇಂದು ರಾಜನಾದವನು ನಾಳೆ ಸೇವಕ. ಕಂಪನಿ ನಾಟಕಗಳನ್ನು ಕಂಡ ನಮ್ಮ ಹಿರಿಯರಿಗೆ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ತಂಡದಲ್ಲಿ ಬೆಳೆದ ನಟ ಪಾತ್ರದ ಉದ್ದವನ್ನು ಅಳೆಯುವುದಿಲ್ಲ. ನಾಲ್ಕು ಮಾತಿದ್ದರೆ ನಾಲ್ಕರಲ್ಲೇ ಒಬ್ಬ ಪೂರ್ಣ ಮನುಷ್ಯನನ್ನು ತೋರಿಸಲು ಕಲಿಯುತ್ತಾನೆ. ಇಂಗ್ಲಿಷ್ ಪೋಷಕ ನಟರ ಹೆಸರು ಲೋಕಪ್ರಸಿದ್ಧವಾದುದರ ಗುಟ್ಟು ಬಹುಮಟ್ಟಿಗೆ ಈ ಗರಡಿಯಲ್ಲಿದೆ.

ಹೋಮ್ ಅವರ ಎತ್ತರ ಐದೂವರೆ ಅಡಿಯ ಆಸುಪಾಸು. ನಾಯಕನಿಗೆ ಎತ್ತರದ ಮೈಕಟ್ಟು ಬೇಕೆಂದು ಭಾವಿಸಿದ್ದ ಕಾಲದಲ್ಲಿ ಇದೊಂದು ಕೊರತೆಯೇ. ಆದರೆ ಸ್ಟ್ರಾಟ್‌ಫರ್ಡ್‌ನಲ್ಲಿ ಅದೇ ಅವರಿಗೆ ಕೆಲವು ಬಾಗಿಲುಗಳನ್ನು ತೆರೆಯಿತು. 1959ರಲ್ಲಿ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕದ ಚೇಷ್ಟೆಯ ಯಕ್ಷ ಪಕ್ ಆದರು. ಅದೇ ವರ್ಷ ಹಾಲಿವುಡ್‌ನ ಖ್ಯಾತ ನಟ ಚಾರ್ಲ್ಸ್ ಲಾಟನ್ 'ಕಿಂಗ್ ಲಿಯರ್' ಆಡಲು ಸ್ಟ್ರಾಟ್‌ಫರ್ಡ್‌ಗೆ ಬಂದರು. ಆ ಮುದಿ ದೊರೆಯ ಬೆನ್ನಿಗೆ ಬಿದ್ದು, ಬಿರುಗಾಳಿಯಲ್ಲೂ ಜೊತೆಬಿಡದೆ, ನಗಿಸುತ್ತಲೇ ನಿಜ ನುಡಿಯುವ ವಿದೂಷಕನ ಪಾತ್ರ ಹೋಮ್ ಅವರದಾಯಿತು. ಇದನ್ನು ಓದುಗರು ನೆನಪಿನಲ್ಲಿಡಬೇಕು. ಈ ವಿದೂಷಕನ ಕಥೆ ಮುಂದೆ ಇನ್ನೊಮ್ಮೆ ಬರಲಿದೆ.

ರಾಜರ ಸಾಲು

1961ರಲ್ಲಿ ಪೀಟರ್ ಹಾಲ್ ಅವರ ನೇತೃತ್ವದಲ್ಲಿ ಸ್ಟ್ರಾಟ್‌ಫರ್ಡ್ ತಂಡ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಎಂಬ ಹೆಸರು ಪಡೆಯಿತು. ಒಂದೊಂದು ನಾಟಕಕ್ಕೆ ಒಬ್ಬೊಬ್ಬ ತಾರೆಯನ್ನು ಕರೆಸುವುದಕ್ಕಿಂತ, ವರ್ಷಗಟ್ಟಲೆ ಒಟ್ಟಿಗೆ ದುಡಿಯುವ ತಂಡ ಕಟ್ಟಬೇಕೆಂಬುದು ಹಾಲ್ ಅವರ ಹಂಬಲ. ಆ ತಂಡದ ಬೆನ್ನೆಲುಬುಗಳಲ್ಲಿ ಹೋಮ್ ಒಬ್ಬರಾದರು.

1963ರಲ್ಲಿ ಶೇಕ್ಸ್‌ಪಿಯರನ ಐತಿಹಾಸಿಕ ನಾಟಕಗಳನ್ನು ಜೋಡಿಸಿ 'ದಿ ವಾರ್ಸ್ ಆಫ್ ದಿ ರೋಸಸ್' ಎಂಬ ಸರಣಿ ರಂಗಕ್ಕೆ ಬಂತು. ಅದರಲ್ಲಿ ಮೂರನೆಯ ರಿಚರ್ಡ್ ಹೋಮ್ ಅವರೇ. ಮರುವರ್ಷ ಕವಿಯ 400ನೇ ಜನ್ಮವರ್ಷ. ಆಗ ಐದನೆಯ ಹೆನ್ರಿಯೂ ಅವರ ಪಾಲಿಗೇ ಬಂದ. ಹಿಂದೆ ಲಾರೆನ್ಸ್ ಒಲಿವಿಯರ್ ತಮ್ಮ ಸಿನಿಮಾಗಳಲ್ಲಿ ಈ ಎರಡೂ ಪಾತ್ರಗಳಿಗೆ ಕೊಟ್ಟಿದ್ದ ವೈಭವ ಜನರ ಕಣ್ಣಲ್ಲಿ ಇನ್ನೂ ಇತ್ತು. ಹೋಮ್ ಆ ಹಾದಿ ತುಳಿಯಲಿಲ್ಲ. ಅವರ ಹೆನ್ರಿ ಸಾಮಾನ್ಯ ಸೈನಿಕರ ನಡುವೆ ನಿಂತರೆ ಗುರುತು ಸಿಗದಂಥ, ದಣಿದ, ಯೋಚಿಸುವ ದೊರೆ. ಗಟ್ಟಿ ಕಂಠದ ಘೋಷಣೆಯ ಬದಲು ಮಾತಿನ ಅರ್ಥವನ್ನು ಹುಡುಕುವ ನಟನೆ. ಎರಡು ಮಹಾಯುದ್ಧಗಳ ನಷ್ಟವನ್ನು ಕಂಡಿದ್ದ ದೇಶಕ್ಕೆ ಈ ಹೆನ್ರಿ ಹತ್ತಿರದವನಾಗಿ ಕಂಡ.

1965ರಲ್ಲಿ ಹೆರಾಲ್ಡ್ ಪಿಂಟರ್ ಅವರ 'ದಿ ಹೋಮ್‌ಕಮಿಂಗ್' ಬಂತು. ಹೆಂಗಸರಿಲ್ಲದ ಒಂದು ಮನೆ, ಕಟಕಿಯಾಡುವ ಮುದಿ ತಂದೆ ಮ್ಯಾಕ್ಸ್, ಹಾವಿನಂತೆ ನುಣುಪಾಗಿ ಮಾತನಾಡುವ ಮಗ ಲೆನ್ನಿ. ಲೆನ್ನಿಯಾಗಿ ಹೋಮ್ ತೋರಿದ ತಣ್ಣನೆಯ ಕ್ರೌರ್ಯ ಲಂಡನ್ ಮಾತ್ರವಲ್ಲದೆ ನ್ಯೂಯಾರ್ಕ್ ಪ್ರೇಕ್ಷಕರನ್ನೂ ಬೆಚ್ಚಿಬೀಳಿಸಿತು. 1967ರಲ್ಲಿ ಅಮೆರಿಕದ ಪ್ರತಿಷ್ಠಿತ ಟೋನಿ ಪ್ರಶಸ್ತಿ ಅವರಿಗೆ ಬಂತು. ಪಿಂಟರ್ ನಾಟಕಗಳಲ್ಲಿ ಮಾತಿನಷ್ಟೇ ಮೌನವೂ ಮುಖ್ಯ. ಆ ಮೌನವನ್ನು ಹಿಡಿದು ನಿಲ್ಲಿಸುವ ಕಲೆ ಹೋಮ್ ಅವರಿಗೆ ಸಿದ್ಧಿಸಿತ್ತು. ಮುಂದೆ ಅಂಥದೇ ಮೌನ ಕರೆಯದೆ ಬಂದು ಅವರನ್ನು ಕಾಡಿದ್ದು ವಿಧಿಯ ವ್ಯಂಗ್ಯ.

ಸಭಾಕಂಪ ಎಂಬ ಕಾಯಿಲೆ

ಸಭಾಕಂಪ ಎಂದರೆ ಹೊಸಬರ ತೊಂದರೆ ಎಂದೇ ನಮ್ಮ ತಿಳಿವಳಿಕೆ. ಶಾಲಾ ವಾರ್ಷಿಕೋತ್ಸವದಲ್ಲಿ ಮೊದಲ ಬಾರಿ ಬಣ್ಣ ಹಚ್ಚಿದ ಹುಡುಗನಿಗೆ ಕಾಲು ನಡುಗುವುದು ಸಹಜ. ನಾಲ್ಕು ಸಲ ರಂಗ ಹತ್ತಿದರೆ ತಾನೇ ಹೋಗುತ್ತದೆ ಎನ್ನುತ್ತೇವೆ. ಆದರೆ ರಂಗಭೂಮಿಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಅದರ ಭಯಂಕರ ರೂಪ ನುರಿತವರನ್ನೇ, ಅದೂ ಕೀರ್ತಿಯ ತುದಿಯಲ್ಲಿ ಹಿಡಿಯುವುದುಂಟು.

ಒಲಿವಿಯರ್ ಅವರಿಗಿಂತ ದೊಡ್ಡ ಉದಾಹರಣೆ ಬೇಕೆ? ಇಂಗ್ಲೆಂಡಿನ ನ್ಯಾಷನಲ್ ಥಿಯೇಟರಿನ ಮೊದಲ ನಿರ್ದೇಶಕರಾಗಿದ್ದ ಅವರನ್ನು 1964ರಲ್ಲಿ, 57ನೇ ವಯಸ್ಸಿನಲ್ಲಿ ಈ ಭಯ ಹಿಡಿಯಿತು. ವರ್ಷಗಟ್ಟಲೆ ಬಿಡಲಿಲ್ಲ. 'ಒಥೆಲೊ' ಆಡುವಾಗ ರಂಗದ ಮೇಲೆ ಒಬ್ಬರೇ ಉಳಿಯಲು ಹೆದರಿ, ಇಯಾಗೊ ಪಾತ್ರಧಾರಿ ಫ್ರಾಂಕ್ ಫಿನ್ಲೆ ಅವರನ್ನು ತಮ್ಮ ಕಣ್ಣಿಗೆ ಬೀಳುವಂತೆ ಪಕ್ಕದಲ್ಲೇ ನಿಂತಿರಲು ಕೇಳಿಕೊಂಡಿದ್ದರು. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1989ರಲ್ಲಿ ಡೇನಿಯಲ್ ಡೇ ಲೂಯಿಸ್ ನ್ಯಾಷನಲ್ ಥಿಯೇಟರಿನಲ್ಲಿ 'ಹ್ಯಾಮ್ಲೆಟ್' ಆಡುತ್ತಿದ್ದಾಗ ನಡುವೆಯೇ ರಂಗ ಬಿಟ್ಟರು. ಮತ್ತೆ ರಂಗಭೂಮಿಯತ್ತ ಬರಲಿಲ್ಲ.

ಕಾರಣವೇನು? ಒಂದೇ ಕಾರಣ ಹೇಳುವುದು ಕಷ್ಟ. ಆದರೆ ಅದು ಕೆಲಸಮಾಡುವ ಬಗೆ ಸ್ಥೂಲವಾಗಿ ಹೀಗೆ. ನುರಿತ ನಟನಿಗೆ ಮಾತು ನಾಲಿಗೆಯ ತುದಿಯಲ್ಲಿ ತಾನಾಗಿಯೇ ಬರುತ್ತದೆ. ಮುಂದಿನ ಸಾಲು ಯಾವುದೆಂದು ಅವನು ಯೋಚಿಸುವುದಿಲ್ಲ. ಒಂದು ದಿನ ಯೋಚಿಸಲಾರಂಭಿಸುತ್ತಾನೆ. ಮೆಟ್ಟಿಲಿಳಿಯುವಾಗ ಯಾವ ಕಾಲು ಮುಂದಿಡಬೇಕೆಂದು ಯೋಚಿಸಿದವನು ಮುಗ್ಗರಿಸುವಂತೆ, ಇಲ್ಲಿಯೂ ಯೋಚನೆಯೇ ಅಡ್ಡಿಯಾಗುತ್ತದೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಮಾತು ನಿಜವಾಗಿಯೂ ಮರೆತುಹೋಗುತ್ತದೆ. ಮರೆತೇನು ಎಂಬ ಭಯವೇ ಮರೆಸುತ್ತದೆ. ಹೊಸಬನಿಗಾದರೆ ಜನ ಕ್ಷಮಿಸುತ್ತಾರೆ. ಹೆಸರಾದವನಿಗೆ ಕಳೆದುಕೊಳ್ಳಲು ಹೆಚ್ಚಿರುತ್ತದೆ. ಹಾಗಾಗಿ ಭಯವೂ ಹೆಚ್ಚು.

1976ರಲ್ಲಿ ಹೋಮ್ ಅವರಿಗೆ ಆದದ್ದು ಇದೇ. ಅವರು ಅದನ್ನು ಮುಚ್ಚಿಡಲಿಲ್ಲ. 2004ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲೂ ಆ ಕುಸಿತದ ಬಗ್ಗೆ ಬರೆದರು.

ಕ್ಯಾಮೆರಾದ ಆಸರೆ

ರಂಗ ಬಿಟ್ಟ ನಟನಿಗೆ ಹೊಟ್ಟೆಪಾಡು ಹೇಗೆ? ಹೋಮ್ ಅವರಿಗೆ ಆಸರೆಯಾದದ್ದು ಕ್ಯಾಮೆರಾ. ಅಲ್ಲಿ ಮೂರು ಗಂಟೆಯ ಮಾತನ್ನು ಒಂದೇ ಓಟದಲ್ಲಿ ಹೇಳಬೇಕಾಗಿಲ್ಲ. ಒಂದೊಂದು ತುಣುಕು ಬೇರೆಬೇರೆ. ತಪ್ಪಿದರೆ ಮತ್ತೊಂದು ಟೇಕ್. ಎದುರಿಗೆ ಕತ್ತಲಲ್ಲಿ ಕುಳಿತ ಸಾವಿರ ಕಣ್ಣುಗಳಿಲ್ಲ. ಜೊತೆಗೆ ಸಣ್ಣ ಚಲನೆಯಲ್ಲಿ ದೊಡ್ಡದನ್ನು ಹೇಳುವ ಅವರ ಶೈಲಿ ಕ್ಯಾಮೆರಾಗೆ ಹೇಳಿ ಮಾಡಿಸಿದಂತಿತ್ತು.

1978ರಲ್ಲಿ ಬಿಬಿಸಿಯ 'ದಿ ಲಾಸ್ಟ್ ಬಾಯ್ಸ್' ಧಾರಾವಾಹಿಯಲ್ಲಿ 'ಪೀಟರ್ ಪ್ಯಾನ್' ಕರ್ತೃ ಜೆ.ಎಂ. ಬ್ಯಾರಿ ಆದರು. ಮಕ್ಕಳ ಸ್ನೇಹದಲ್ಲಿ ತನ್ನ ಒಂಟಿತನ ಮರೆಯಲೆತ್ನಿಸುವ ಲೇಖಕನ ಆ ಪಾತ್ರ ಅವರ ಅತ್ಯುತ್ತಮ ಕೆಲಸಗಳಲ್ಲೊಂದು. 1979ರಲ್ಲಿ ರಿಡ್ಲೆ ಸ್ಕಾಟ್ ಅವರ 'ಏಲಿಯನ್' ಬಂತು. ಅಂತರಿಕ್ಷ ನೌಕೆಯ ವಿಜ್ಞಾನಾಧಿಕಾರಿ ಆ್ಯಶ್, ಮಿತಭಾಷಿ, ಸಭ್ಯ. ಅರ್ಧ ಚಿತ್ರ ಮುಗಿದ ಮೇಲೆ ಗೊತ್ತಾಗುತ್ತದೆ, ಅವನು ಮನುಷ್ಯನೇ ಅಲ್ಲ, ಯಂತ್ರ! ಚಿತ್ರವನ್ನು ಎರಡನೇ ಸಲ ನೋಡಿದವರಿಗೆ ಮಾತ್ರ ಹೋಮ್ ಅವರ ಜಾಣ್ಮೆ ತಿಳಿಯುತ್ತದೆ. ಆ ಮುಗುಳ್ನಗೆ, ಆ ತಣ್ಣನೆಯ ನೋಟ, ಎಲ್ಲದರಲ್ಲೂ ಸುಳಿವುಗಳಿದ್ದವು.

1981ರ 'ಚಾರಿಯಟ್ಸ್ ಆಫ್ ಫೈರ್' ಅವರನ್ನು ಮನೆಮಾತಾಗಿಸಿತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಚಿನ್ನ ಗೆದ್ದ ಹೆರಾಲ್ಡ್ ಅಬ್ರಹಾಮ್ಸ್ ಅವರ ತರಬೇತುದಾರ ಸ್ಯಾಮ್ ಮುಸ್ಸಾಬಿನಿ. ಹಣ ಪಡೆದು ಕಲಿಸುವವನೆಂದು ಅಂದಿನ ಗಣ್ಯರಿಗೆ ಅವನ ಮೇಲೆ ಅಸಡ್ಡೆ. ಕ್ರೀಡಾಂಗಣದೊಳಗೆ ಅವನಿಗೆ ಜಾಗವಿಲ್ಲ. ಹೊರಗಿನ ಕೋಣೆಯೊಂದರಲ್ಲಿ ಕಾಯುತ್ತಾನೆ. ಓಟ ಕಾಣುವುದಿಲ್ಲ. ಕಿಟಕಿಯಿಂದ ತನ್ನ ದೇಶದ ಧ್ವಜ ಏರುವುದು ಕಾಣುತ್ತದೆ, ರಾಷ್ಟ್ರಗೀತೆ ಕೇಳುತ್ತದೆ. ಕುಸಿದು ಮಂಚದ ಮೇಲೆ ಕೂರುತ್ತಾನೆ. ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆದು ಅದರ ನೆತ್ತಿಗೆ ಗುದ್ದಿ ತೂತು ಮಾಡುತ್ತಾನೆ. ಒಂದು ನಿಮಿಷದ ಆಸುಪಾಸಿನ ದೃಶ್ಯ. ಮಾತು ಅತ್ಯಲ್ಪ. ಗೆಲುವಿನ ಕ್ಷಣದಲ್ಲಿ ರಂಗದ ಹೊರಗೆ ನಿಂತವನ ಆನಂದ ಮತ್ತು ನೋವು ಎರಡೂ ಅಲ್ಲಿದೆ. ಆಗ ತಾವೂ ರಂಗದ ಹೊರಗೆ ನಿಂತಿದ್ದ ನಟ ಅದನ್ನು ಆಡಿದ್ದಾರೆ ಎಂದು ತಿಳಿದು ನೋಡಿದರೆ ಆ ದೃಶ್ಯದ ಬಣ್ಣವೇ ಬೇರೆ.

ಈ ಪಾತ್ರಕ್ಕೆ ಕಾನ್ ಚಿತ್ರೋತ್ಸವದಲ್ಲೂ ಬ್ರಿಟಿಷ್ ಅಕಾಡೆಮಿಯಿಂದಲೂ ಪೋಷಕ ನಟ ಪ್ರಶಸ್ತಿ ಬಂತು. ಆಸ್ಕರ್‌ಗೂ ಹೆಸರು ಹೋಗಿತ್ತು. ಅದು ಮತ್ತೊಬ್ಬ ಇಂಗ್ಲಿಷ್ ನಟ ಜಾನ್ ಗೀಲ್‌ಗುಡ್ ಪಾಲಾಯಿತು. ಅಲ್ಲಿಂದ ಮುಂದೆ ಹೋಮ್ ಅವರಿಗೆ ಬಿಡುವಿರಲಿಲ್ಲ. 'ಟೈಮ್ ಬ್ಯಾಂಡಿಟ್ಸ್' ಚಿತ್ರದಲ್ಲಿ ಕುಳ್ಳರನ್ನು ಕಂಡರೆ ಹಿಗ್ಗುವ ನೆಪೋಲಿಯನ್ ಆಗಿ ತಮ್ಮ ಎತ್ತರವನ್ನೇ ಹಾಸ್ಯಕ್ಕಿಟ್ಟರು. 'ಬ್ರೆಜಿಲ್' ಚಿತ್ರದಲ್ಲಿ ಕಾಗದಪತ್ರಕ್ಕೆ ಹೆದರುವ ಕಚೇರಿಯ ಮೇಲಧಿಕಾರಿಯಾದರು. 1994ರ 'ದಿ ಮ್ಯಾಡ್‌ನೆಸ್ ಆಫ್ ಕಿಂಗ್ ಜಾರ್ಜ್' ಚಿತ್ರದಲ್ಲಿ ಹುಚ್ಚು ಹಿಡಿದ ದೊರೆಗೆ ಚಿಕಿತ್ಸೆ ಮಾಡುವ ನಿಷ್ಠುರ ವೈದ್ಯ ವಿಲ್ಲಿಸ್ ಆದರು. ಮನೋವೈದ್ಯರ ಮಗನಿಗೆ ಈ ಪಾತ್ರ ಬಂದದ್ದು ಸ್ವಾರಸ್ಯದ ಸಂಗತಿ.

ಮರಳಿ ಬಂದದ್ದು

1993ರಲ್ಲಿ ಪಿಂಟರ್ 'ಮೂನ್‌ಲೈಟ್' ಎಂಬ ಹೊಸ ನಾಟಕ ಬರೆದರು. ಸಾವಿನ ಹಾಸಿಗೆಯಲ್ಲಿ ಮಲಗಿದ ಆ್ಯಂಡಿ ಎಂಬ ತಂದೆ, ನೋಡಲು ಬಾರದ ಗಂಡುಮಕ್ಕಳು. ಲಂಡನ್ನಿನ ಅಲ್ಮೀಡಾ ಎಂಬ ಪುಟ್ಟ ರಂಗಮಂದಿರದಲ್ಲಿ ಪ್ರದರ್ಶನ. ಆ್ಯಂಡಿಯಾಗಿ ಹೋಮ್ ರಂಗಕ್ಕೆ ಬಂದರು. ಹಾಸಿಗೆ ಹಿಡಿದವನ ಪಾತ್ರ, ಪುಟ್ಟ ಸಭೆ, ಹಳೆಯ ಪರಿಚಯದ ನಾಟಕಕಾರ. ಆದರೂ ಭಯ ಅವರನ್ನು ಬಿಟ್ಟುಹೋಗಿತ್ತೆಂದು ಯಾರೂ ಭಾವಿಸಬೇಕಿಲ್ಲ. ಭಯವಿದ್ದೂ ಬಂದರು ಎಂಬುದೇ ಮುಖ್ಯ. ಈ ಸಲ ಮಾತು ಕೈಕೊಡಲಿಲ್ಲ. ಆ ವರ್ಷದ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ಶ್ರೇಷ್ಠ ನಟ ಪ್ರಶಸ್ತಿಯೂ ಅವರಿಗೇ ಬಂತು.

ನಾಲ್ಕು ವರ್ಷದ ನಂತರ, 1997ರಲ್ಲಿ, ನ್ಯಾಷನಲ್ ಥಿಯೇಟರಿನಲ್ಲಿ 'ಕಿಂಗ್ ಲಿಯರ್'. ನಿರ್ದೇಶಕರು ರಿಚರ್ಡ್ ಐರ್. 1989ರಲ್ಲಿ ಡೇ ಲೂಯಿಸ್ ನಡುವೆ ಬಿಟ್ಟುಹೋದ 'ಹ್ಯಾಮ್ಲೆಟ್' ಕೂಡ ಇವರದೇ ನಿರ್ದೇಶನ. ರಂಗಭೀತಿ ಏನು ಮಾಡಬಲ್ಲದು ಎಂದು ಬಲ್ಲವರು. ಮುನ್ನೂರರ ಆಸುಪಾಸಿನ ಜನ ಕೂರುವ ಕಾಟ್ಸ್‌ಲೋ ಎಂಬ ಸಣ್ಣ ಸಭಾಂಗಣವನ್ನು ಐರ್ ಆರಿಸಿಕೊಂಡರು. ಮುಂದಿನ ಸಾಲಿನವರು ನಟನ ಉಸಿರು ಕೇಳುವಷ್ಟು ಹತ್ತಿರ.

ಲಿಯರ್ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಹೊಗಳಿದ ಹಿರಿಯ ಮಗಳಂದಿರಿಗೆ ರಾಜ್ಯ ಹಂಚಿ, ನಿಜ ಹೇಳಿದ ಕಿರಿಯಳನ್ನು ಹೊರಗಟ್ಟಿ, ಕೊನೆಗೆ ತಾನೇ ಬಿರುಗಾಳಿಗೆ ಬೀಳುವ ಮುದುಕ. ಹೋಮ್ ಅವರ ಲಿಯರ್ ಪರ್ವತದಂಥ ರಾಜನಲ್ಲ, ಮನೆಯವರನ್ನು ನಡುಗಿಸುವ ಒಬ್ಬ ಸಿಡುಕು ತಂದೆ. ಬಿರುಗಾಳಿಯ ದೃಶ್ಯದಲ್ಲಿ ಮೈಮೇಲಿನ ಬಟ್ಟೆಯನ್ನೆಲ್ಲ ಕಿತ್ತೆಸೆದು ಬರಿಮೈಯಲ್ಲಿ ನಿಂತರು. 65 ದಾಟಿದ ನಟ, ಒಂದು ಕಾಲದಲ್ಲಿ ಜನರ ಕಣ್ಣಿಗೆ ಹೆದರಿ ಓಡಿದವರು, ಅದೇ ಜನರ ಮುಂದೆ ಮರೆಮಾಚಲು ಏನೂ ಇಲ್ಲದೆ ನಿಂತಿದ್ದರು. ಮರುವರ್ಷ ಶ್ರೇಷ್ಠ ನಟನಿಗೆ ಕೊಡುವ ಒಲಿವಿಯರ್ ಪ್ರಶಸ್ತಿ ಅವರಿಗೆ ಬಂತು. ಸಭಾಕಂಪದಿಂದ ತಾವೂ ನರಳಿದ ಮಹಾನಟನ ಹೆಸರಿನ ಪ್ರಶಸ್ತಿ ಅದು. ಅದೇ 1998ರಲ್ಲಿ 'ಸರ್' ಪದವಿಯೂ ಬಂತು.

1959ರ ವಿದೂಷಕ 38 ವರ್ಷಗಳ ಬಳಿಕ ದೊರೆಯಾಗಿದ್ದ. ಅವರ ವೃತ್ತಿಜೀವನದಲ್ಲಿ ಇಂಥ ಜೋಡಿಗಳು ಇನ್ನೂ ಇವೆ. 1981ರಲ್ಲಿ ಬಿಬಿಸಿ ಬಾನುಲಿಯ 'ಲಾರ್ಡ್ ಆಫ್ ದಿ ರಿಂಗ್ಸ್' ನಾಟಕ ಸರಣಿಯಲ್ಲಿ ಎಳೆಯ ಫ್ರೋಡೊನ ಧ್ವನಿ ಅವರದು. 2001ರ ಸಿನಿಮಾದಲ್ಲಿ ಅದೇ ಫ್ರೋಡೊನನ್ನು ಸಾಕಿದ ಮುದುಕ ಬಿಲ್ಬೊ ಆದರು. ಅದೇ 2001ರಲ್ಲಿ 'ದಿ ಹೋಮ್‌ಕಮಿಂಗ್' ಮತ್ತೆ ರಂಗಕ್ಕೆ ಬಂದಾಗ, 1965ರ ಮಗ ಲೆನ್ನಿ ಈಗ ತಂದೆ ಮ್ಯಾಕ್ಸ್. ನಾಯಕ ನಟರು ವಯಸ್ಸನ್ನು ಬಣ್ಣದಲ್ಲಿ ಮುಚ್ಚಲು ಹೆಣಗುತ್ತಾರೆ. ಪೋಷಕ ನಟ ವಯಸ್ಸಿನ ಜೊತೆಗೇ ಮುಂದಿನ ಪಾತ್ರಕ್ಕೆ ನಡೆಯುತ್ತಾನೆ. ಈ ಜೋಡಿಗಳು ಹೇಳುವುದು ಅದನ್ನೇ.

ಯಂತ್ರಕ್ಕಿಲ್ಲದ ಭಯ

ಪಾರ್ಕಿನ್‌ಸನ್ ಕಾಯಿಲೆಯಿಂದ ಬಳಲಿದ ಹೋಮ್ 2020ರ ಜೂನ್ 19ರಂದು ಲಂಡನ್ನಿನಲ್ಲಿ ತೀರಿಕೊಂಡರು. ವಯಸ್ಸು 88. ಅದಕ್ಕೂ ಮುನ್ನ 'ಹಾಬಿಟ್' ಚಿತ್ರಗಳಲ್ಲಿ ಕೊನೆಯ ಬಾರಿ ಬಿಲ್ಬೊ ಆದಾಗ, ಆರೋಗ್ಯದ ಕಾರಣ ನ್ಯೂಜಿಲೆಂಡಿಗೆ ಹೋಗಲಾಗದೆ ಇಂಗ್ಲೆಂಡಿನಲ್ಲೇ ಅವರ ದೃಶ್ಯಗಳ ಚಿತ್ರೀಕರಣ ನಡೆದಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರಲ್ಲಿ ಬಂದ 'ಏಲಿಯನ್: ರೋಮ್ಯುಲಸ್' ಚಿತ್ರದಲ್ಲಿ ಹೋಮ್ ಅವರ ಮುಖ ಹೊತ್ತ ಯಂತ್ರಮಾನವನೊಬ್ಬ ಕಾಣಿಸಿಕೊಂಡ. ಕುಟುಂಬದ ಒಪ್ಪಿಗೆ ಪಡೆದು, ಬೊಂಬೆ, ಇನ್ನೊಬ್ಬ ನಟನ ಅಭಿನಯ ಮತ್ತು ಕಂಪ್ಯೂಟರ್ ತಂತ್ರ ಸೇರಿಸಿ ಅವನನ್ನು ರೂಪಿಸಲಾಗಿತ್ತು. ಇದು ನಟನಿಗೆ ಸಲ್ಲಿಸಿದ ಗೌರವ ಎಂದು ಕೆಲವರೆಂದರು. ತೀರಿಕೊಂಡವರ ಮುಖವನ್ನು ಹೀಗೆ ಬಳಸುವುದು ಸರಿಯೇ ಎಂದು ಹಲವರು ಕೇಳಿದರು.

ಪ್ರಶ್ನೆ ಸುಲಭದ್ದಲ್ಲ. ಆದರೆ ಹೋಮ್ ಅವರ ಬದುಕನ್ನು ಬಲ್ಲವರಿಗೆ ಒಂದು ಮಾತು ಹೊಳೆಯುತ್ತದೆ. ಯಂತ್ರಕ್ಕೆ ಮಾತು ಮರೆಯುವುದಿಲ್ಲ. ಬಾಯಿ ಒಣಗುವುದಿಲ್ಲ, ಕಾಲು ನಡುಗುವುದಿಲ್ಲ. ಹಾಗಾಗಿಯೇ ಅದಕ್ಕೆ 1976ರ ಆ ರಾತ್ರಿಯೂ ಇಲ್ಲ, 1997ರ ಆ ಬಿರುಗಾಳಿಯೂ ಇಲ್ಲ. 1979ರಲ್ಲಿ ಆ್ಯಶ್ ಪಾತ್ರ ನಮ್ಮನ್ನು ಹೆದರಿಸಿದ್ದು ಅದರೊಳಗೆ ಕುಳಿತು ಯಂತ್ರದಂತೆ ನಟಿಸುತ್ತಿದ್ದವರು ಒಬ್ಬ ಮನುಷ್ಯರಾಗಿದ್ದರಿಂದ, ಭಯ ಎಂದರೇನೆಂದು ಮೂರೇ ವರ್ಷದ ಹಿಂದೆ ಚೆನ್ನಾಗಿ ಕಲಿತಿದ್ದವರಾಗಿದ್ದರಿಂದ.